ಗಾಂಧಿ ಕ್ಲಾಸ್: ಯಲ್ದೂರಿನ ವಕ್ರ ಟೇಬಲ್ಲು

ವಿಲನ್ ಬಂಗಲೆ ಅಂದ ಕೂಡಲೆ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ ಹೇಳಿ? ಎರಡೂ ಕಡೆಯಿಂದ ಇಳಿಯೋ ಮೆಟ್ಟಿಲು, ಗೋಡೆ ಮೇಲೆ ಜಿಂಕೆ ಕೊಂಬು, ರೇಷ್ಮೆ ನಿಲುವಂಗಿ ತೊಟ್ಟ ವಿಲನ್ನು... ಮಧ್ಯದಲ್ಲಿ ಹಸಿರು ಬಟ್ಟೆ ಹೊದ್ದ ದೊಡ್ಡ ಟೇಬಲ್ಲು! ವಿಲನ್ ಕೋಲು ಹಿಡಿದು ಬಗ್ಗುತ್ತಾನೆ, ಚೆಂಡು ಟಕ್ ಅನ್ನುತ್ತೆ, ಅಷ್ಟರಲ್ಲಿ ಚೇಲಾ ಓಡಿ ಬಂದು ‘ಬಾಸ್, ಅವನು ತಪ್ಪಿಸಿಕೊಂಡ’ ಅಂತಾನೆ. ಹೀರೋ ಮನೆಯಲ್ಲಿ ಹೊಲಿಗೆ ಮಿಷನ್ನು, ವಿಲನ್ ಮನೆಯಲ್ಲಿ ಬಿಲಿಯರ್ಡ್ಸ್ ಟೇಬಲ್ಲು. ಗಾಂಧಿ ಕ್ಲಾಸಿನಲ್ಲಿ ಕೂತ ನಮಗೆ ಆ ಟೇಬಲ್ ಕಂಡರೆ ಸಾಕು, ಆಸಾಮಿ ಕೆಟ್ಟವನು ಅಂತ ಗ್ಯಾರಂಟಿ.

ಈ ವಾರ ಹೇಳಹೊರಟಿರೋ ಟೇಬಲ್ಲಿನ ಯಜಮಾನರು ಮಾತ್ರ ವಿಲನ್ ಅಲ್ಲ ಸ್ವಾಮಿ. ಇರುವೆ ಕಚ್ಚಿದರೂ ಊದಿ ಬಿಡೋ ಜಾತಿ. ಊರು ಯಲ್ದೂರು. ಮಾವಿಗೆ ಹೆಸರಾದ ನಮ್ಮ ಶ್ರೀನಿವಾಸಪುರ ತಾಲ್ಲೂಕಿನದು. ಮನೆ ಪಕ್ಕದ ಶೀಟ್ ಹೊದಿಸಿದ ಷೆಡ್ಡಿನಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕೂತಿದ್ದ ಒಂದು ಪೂಲ್ ಟೇಬಲ್ಲನ್ನ ರಿಪೇರಿ ಮಾಡಿಕೊಡಿ ಅಂತ ನನ್ನ ಗೆಳೆಯ ಆಚಾರಿಯನ್ನ ಅವರು ಕರೆಸಿದರು. ಬಾಗಿಲು, ಕಿಟಕಿ, ಮಂಚ ಮಾಡೋ ನಮ್ಮ ಆಚಾರಿ ಇದಕ್ಕೆ ಮುಂಚೆ ಪೂಲ್ ಟೇಬಲ್ ಮುಟ್ಟಿದವನಲ್ಲ. ಹಿಡಿಯೋಕೆ ಇನ್ನೊಂದು ಜೊತೆ ಕೈ ಬೇಕಿತ್ತು, ನಾನು ಹೋದೆ. ಮೂರು ವಾರದ ಕೆಲಸ.

ಆಚಾರಿ ಮೊದಲ ದಿನ ಟೇಬಲ್ ಕೆಳಗೆ ಮಲಗಿ, ಟಾರ್ಚ್ ಬಿಟ್ಟು ನೋಡಿ, ಎದ್ದು ಬಂದು ಹೇಳಿದ್ದು ಒಂದೇ ಮಾತು: ‘ಯಜಮಾನ್ರೇ, ಇದನ್ನ ರಿಪೇರಿ ಮಾಡೋ ಬದಲು ಸೌದೆ ಮಾಡಿದ್ರೆ ಎರಡು ತಿಂಗಳು ನೀರು ಕಾಯ್ತದೆ.’

ಯಜಮಾನರು ಸಿಟ್ಟಾಗಲಿಲ್ಲ. ‘ಟೀ ಕುಡೀರಪ್ಪ’ ಅಂದರು.

ಮಾರ್ಕರ್ ಮಗ

ಈ ಟೇಬಲ್ ಹುಟ್ಟಿದ ಕಥೆ ಕೇಳಬೇಕಾದರೆ ಕೋಲಾರ ಚಿನ್ನದ ಗಣಿಗೆ ಹೋಗಬೇಕು. ‘ಕೆಜಿಎಫ್’ ಅಂದರೆ ನಿಮಗೆ ರಾಕಿ ಭಾಯ್ ನೆನಪಾಗ್ತಾನೆ, ಸಹಜ. 2018ರಲ್ಲಿ ಒಂದು, 2022ರಲ್ಲಿ ಇನ್ನೊಂದು, ಎರಡು ಭಾಗದಲ್ಲಿ ದೇಶವನ್ನೇ ಅಲ್ಲಾಡಿಸಿದ ಪಿಕ್ಚರ್ರು. ಆದರೆ ಅಸಲಿ ಕೆಜಿಎಫ್ ಕಥೆ ಬೇರೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದು ಗಣಿ ಹಿಡಿಯಿತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಎಳೆದು ತಂದರು. ಚಾಂಪಿಯನ್ ರೀಫ್ ಗಣಿ ಮೂರು ಸಾವಿರ ಮೀಟರಿಗೂ ಕೆಳಗೆ ಇಳಿಯಿತು. ಕೆಳಗೆ ನಮ್ಮವರು, ಮೇಲೆ ದೊರೆಗಳು. ದೊರೆಗಳಿಗೆ ಕ್ಲಬ್ಬು, ಕ್ಲಬ್ಬಿಗೆ ಬಿಲಿಯರ್ಡ್ಸ್ ರೂಮು, ರೂಮಿಗೆ ಒಬ್ಬ ಮಾರ್ಕರ್.

ಮಾರ್ಕರ್ ಅಂದರೆ ಸ್ಕೋರ್ ಬರೆಯೋನು. ಟೇಬಲ್ ಒರೆಸಬೇಕು, ಬಟ್ಟೆಗೆ ಬ್ರಷ್ ಹಾಕಬೇಕು, ಕೋಲು ಕೈಗೆ ಕೊಡಬೇಕು, ಬಿದ್ದ ಚೆಂಡು ಎತ್ತಿ ಇಡಬೇಕು. ನಮ್ಮ ಯಜಮಾನರ ತಂದೆ ಅಂಥ ಒಂದು ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದವರು. ಏಳೆಂಟು ವರ್ಷದ ಹುಡುಗನಾಗಿದ್ದಾಗ ಯಜಮಾನರು ಸಂಜೆ ಅಪ್ಪನಿಗೆ ಬುತ್ತಿ ತಗೊಂಡು ಹೋಗೋರು. ಒಳಗೆ ಬಿಡುತ್ತಿರಲಿಲ್ಲ. ಹಿಂಬದಿ ಕಿಟಕಿ ಹತ್ತಿರ ಇಟ್ಟಿಗೆ ಮೇಲೆ ನಿಂತು ಇಣುಕಿ ನೋಡೋರು. ಹಸಿರು ಬಟ್ಟೆ, ಮೇಲೆ ಇಳಿಬಿಟ್ಟ ದೀಪ, ಬಿಳಿ ಚೆಂಡು, ಪಕ್ಕದಲ್ಲಿ ಕೈ ಕಟ್ಟಿ ನಿಂತ ಅಪ್ಪ.

‘ಅಪ್ಪ ಹಗಲೆಲ್ಲಾ ಆ ಟೇಬಲ್ ಒರೆಸಿದ್ದು ಕಂಡೆ ಕಣಪ್ಪಾ. ಒಂದು ದಿನ ಅದರ ಮೇಲೆ ಒಂದು ಹೊಡೆತ ಹೊಡೆದಿದ್ದು ನೋಡ್ಲಿಲ್ಲ’ ಅಂದರು.

ಮುಂದೆ ಯಜಮಾನರೂ ಗಣಿಗೆ ಇಳಿದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕೈಗೆ ಬಂದ ದುಡ್ಡು ತಗೊಂಡು ಹೆಂಡತಿ ಊರು ಯಲ್ದೂರಿಗೆ ಬಂದರು. ಎಲ್ಲರೂ ಹಸು ತಗೋ, ಬೋರ್‌ವೆಲ್ ಹಾಕಿಸು ಅಂದರು. ಹಸುವನ್ನೂ ತಗೊಂಡರು, ಸರಿ. ಜೊತೆಗೆ ಪಕ್ಕದ ಹಳ್ಳಿಯ ಒಬ್ಬ ಬಡಗಿಯನ್ನ ಕರೆಸಿ, ‘ನಾನು ಹೇಳ್ತೀನಿ, ನೀನು ಮಾಡು’ ಅಂತ ಈ ಟೇಬಲ್ ಮಾಡಿಸಿದರು. ಆ ಬಡಗಿ ಜನ್ಮದಲ್ಲಿ ಇಂಥದ್ದೊಂದು ಕಂಡವನಲ್ಲ. ಹೇಳಿದ ಯಜಮಾನರಿಗೂ ಇದ್ದದ್ದು ಮೂವತ್ತೈದು ವರ್ಷದ ಹಿಂದಿನ ಕಿಟಕಿ ನೆನಪು ಮಾತ್ರ!

ಏನೇನು ಹಾಕಿದ್ದರು ಗೊತ್ತೇ?

ಅಸಲಿ ಟೇಬಲ್ಲಿಗೆ ಹಾಸು ಅಂದರೆ ಸ್ಲೇಟ್ ಕಲ್ಲು. ಇಂಗ್ಲೆಂಡಿನ ಜಾನ್ ಥರ್ಸ್ಟನ್ 1826ರಲ್ಲಿ ಶುರು ಮಾಡಿದ ಪದ್ಧತಿ. ಮರ ಉಬ್ಬುತ್ತೆ, ಬಾಗುತ್ತೆ, ಕಲ್ಲು ಬಾಗೋದಿಲ್ಲ. ನಮ್ಮ ಯಲ್ದೂರು ಬಡಗಿ ಅಡಿಗೆಮನೆ ಕಟ್ಟೆಗೆ ಹಾಕೋ ಕಡಪ ಕಲ್ಲು ಎರಡು ತುಂಡು ಹಾಕಿದ್ದ. ತಲೆ ಓಡಿಸಿದ್ದಾನೆ, ಒಪ್ಪಬೇಕು. ಆದರೆ ಒಂದು ತುಂಡು ದಪ್ಪ, ಇನ್ನೊಂದು ತೆಳ್ಳಗೆ. ನಡುವಿನ ಜೋಡಣೆಯಲ್ಲಿ ಚೆಂಡು ಹೋದರೆ ಹಂಪ್ ಹಾರಿದ ಬಸ್ಸಿನ ಥರ ಕುಲುಕುತ್ತಿತ್ತು.

ಚೌಕಟ್ಟು ಮಾವಿನ ಮರದ್ದು. ನಮ್ಮ ಕಡೆ ಮಾವಿಗೇನು ಬರ? ಆದರೆ ಮಾವಿನ ಮರಕ್ಕೆ ಕುಟ್ಟೆ ಹುಳ ಬಹಳ ಬೇಗ ಹಿಡಿಯುತ್ತೆ. ತಟ್ಟಿದರೆ ಹಿಟ್ಟು ಉದುರುತ್ತಿತ್ತು. ಸುಮಾರು ಇನ್ನೂರು ಕೆಜಿ ಕಲ್ಲಿಗೆ ನಡುವೆ ಒಂದು ಅಡ್ಡತೊಲೆ ಕೂಡ ಕೊಟ್ಟಿರಲಿಲ್ಲ. ಹೊಟ್ಟೆ ಜೋತುಬಿದ್ದ ಹಳೇ ಚಾಪೆ ಮಂಚದ ಹಾಗೆ ಆಗಿತ್ತು.

ಅಂಚಿನ ಕುಷನ್‌ಗೆ ಸೈಕಲ್ ಟ್ಯೂಬು ಮಡಿಸಿ ತುರುಕಿದ್ದರು. ಅದರ ಎತ್ತರ ಚೆಂಡಿನ ಸರಿ ಅರ್ಧಕ್ಕೆ. ಪೂಲ್ ಚೆಂಡು 57 ಮಿ.ಮೀ. ದಪ್ಪ. ರಬ್ಬರಿನ ಮೂತಿ ಅದರ ನಡುವಿಗಿಂತ ಮೇಲೆ ತಾಗಬೇಕು, ನೂರಕ್ಕೆ ಅರವತ್ಮೂರು ಚಿಲ್ಲರೆ ಪಾಲು ಎತ್ತರದಲ್ಲಿ. ಲೆಕ್ಕ ಹಾಕಿದರೆ 36 ಮಿ.ಮೀ. ಆಗ ಚೆಂಡು ಹಾಸಿಗೆ ಅಂಟಿಕೊಂಡೇ ವಾಪಸ್ ಉರುಳುತ್ತೆ. ಇಲ್ಲಿ ಇದ್ದದ್ದು 28. ಜೋರಾಗಿ ಹೊಡೆದರೆ ಚೆಂಡು ಸೀದಾ ಹಾರಿ ಹೊರಗೆ ಕಟ್ಟಿದ್ದ ಹಸುವಿನ ಕಾಲಿಗೆ!

ಬಟ್ಟೆ ಸ್ಕೂಲ್ ಕೋಟಿಗೆ ಹೊಲಿಸೋ ಹಸಿರು ಬಟ್ಟೆ. ಇನ್ನು ಆರು ಪಾಕೆಟ್ಟು? ಕರು ಹಾಲು ಕುಡೀಬಾರದು ಅಂತ ಬಾಯಿಗೆ ಕಟ್ಟುತ್ತಾರಲ್ಲ, ಕುಕ್ಕೆ, ಅದೇ! ಹಗ್ಗದಿಂದ ಹೆಣೆದ ಆರು ಕುಕ್ಕೆ. ಹೆಣೆದವರು ಯಜಮಾನರ ಹೆಂಡತಿ. ಆ ತಾಯಿ ಈಗಿಲ್ಲ.

ಸೌದೆ ಮಾಡಿ ಅಂದದ್ದಕ್ಕೆ ಯಜಮಾನರು ಯಾಕೆ ಟೀ ಕೊಟ್ಟು ಸುಮ್ಮನಾದರು ಅಂತ ಕುಕ್ಕೆ ಮುಟ್ಟಿ ನೋಡಿದ ಮೇಲೆ ನಮಗೆ ಗೊತ್ತಾಯಿತು.

ಚೆಂಡಿಗೂ ಸಿನಿಮಾಗೂ ರಕ್ತಸಂಬಂಧ

ಸಿನಿಮಾ ಪತ್ರಿಕೆಯಲ್ಲಿ ಬಡಗಿ ಕೆಲಸದ ಪುರಾಣ ಯಾಕಯ್ಯಾ ಅಂತ ಗೊಣಗಬೇಡಿ. ಒಂದು ಸತ್ಯ ಹೇಳ್ತೀನಿ, ಬೆರಗಾಗ್ತೀರಿ. ಈ ಆಟ ಇಲ್ಲದಿದ್ದರೆ ಸಿನಿಮಾ ರೀಲು ಹುಟ್ಟೋದೂ ತಡವಾಗುತ್ತಿತ್ತೋ ಏನೋ!

ಹಿಂದೆ ಬಿಲಿಯರ್ಡ್ಸ್ ಚೆಂಡನ್ನ ಆನೆ ದಂತದಲ್ಲಿ ಕಡೆಯುತ್ತಿದ್ದರು. ಒಂದು ದಂತಕ್ಕೆ ಬೆರಳೆಣಿಕೆ ಚೆಂಡು. ಆನೆಗಳಿಗೆ ಕುತ್ತು, ಕಂಪನಿಗಳಿಗೆ ದಂತದ ಬರ. 1863ರಲ್ಲಿ ಅಮೆರಿಕದ ಫೆಲನ್ ಅಂಡ್ ಕಾಲೆಂಡರ್ ಕಂಪನಿ, ದಂತದ ಬದಲಿ ಕಂಡುಹಿಡಿದವರಿಗೆ 10,000 ಡಾಲರ್ ಅಂತ ಸಾರಿತು. ಜಾನ್ ವೆಸ್ಲಿ ಹಯಾಟ್ ಅನ್ನೋ ಒಬ್ಬ ಪ್ರಿಂಟರು ಇದರ ಹಿಂದೆ ಬಿದ್ದ. ಅಣ್ಣತಮ್ಮ ಸೇರಿ ಕರ್ಪೂರ ಬೆರೆಸಿ ಏನೇನೋ ಮಾಡಿ 1870ರಲ್ಲಿ ಪೇಟೆಂಟ್ ತಗೊಂಡ ಪದಾರ್ಥವೇ ಸೆಲ್ಯುಲಾಯ್ಡ್!

ಆ ಸೆಲ್ಯುಲಾಯ್ಡ್ ಬೆಂಕಿ ಮಗ. ಚೆಂಡು ಚೆಂಡಿಗೆ ತಾಗಿದರೆ ಕೆಲವು ಸಲ ಪಟಾಕಿ ಹೊಡೆದ ಹಾಗೆ ‘ಢಂ’ ಅನ್ನುತ್ತಿತ್ತಂತೆ. ಕೊಲರಾಡೋದ ಒಬ್ಬ ಸಲೂನ್ ಮಾಲೀಕ, ‘ಸದ್ದಿಗೆ ನನಗೇನೂ ಬೇಸರವಿಲ್ಲ, ಆದರೆ ಢಂ ಅಂದ ಕೂಡಲೆ ರೂಮಿನಲ್ಲಿದ್ದ ಗಂಡಸರೆಲ್ಲ ಪಿಸ್ತೂಲು ತೆಗೀತಾರೆ’ ಅನ್ನೋ ಅರ್ಥದಲ್ಲಿ ಕಾಗದ ಬರೆದಿದ್ದನಂತೆ. ಹಯಾಟ್ ತಾನೇ ಹೇಳಿಕೊಂಡ ಕಥೆ ಇದು. ಕೌಬಾಯ್ ಪಿಕ್ಚರಿಗೆ ರೆಡಿಮೇಡ್ ಸೀನು!

ಅದೇ ಸೆಲ್ಯುಲಾಯ್ಡನ್ನ ತೆಳ್ಳಗೆ ಪಟ್ಟಿ ಮಾಡಿ 1889ರಲ್ಲಿ ಈಸ್ಟ್‌ಮನ್ ಕಂಪನಿ ಫಿಲ್ಮ್ ಮಾರಿತು. ಅದರ ಮೇಲೆ ಸಿನಿಮಾ ಓಡಿತು. ಮುಂದೆ ಚೆಂಡು ಬೇರೆ ಪ್ಲಾಸ್ಟಿಕ್ಕಿಗೆ ಹೋಯಿತು. ಸಿನಿಮಾ ಮಾತ್ರ 1950ರ ಆಸುಪಾಸಿನವರೆಗೂ ಆ ಬೆಂಕಿ ಫಿಲ್ಮನ್ನೇ ನೆಚ್ಚಿತ್ತು. ಅದು ಉರಿಯಿತು, ಕೊಳೆಯಿತು, ಪುಡಿಯಾಯಿತು. 1934ರ ಮಾರ್ಚ್ 3ರಂದು ತೆರೆಕಂಡ ನಮ್ಮ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’, ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ನಾಗೇಂದ್ರರಾಯರ ರಾವಣ... ಇವತ್ತು ಅದರ ಒಂದು ಪ್ರಿಂಟೂ ಇಲ್ಲ. ಒಂದೂ ಇಲ್ಲ! ಆಗ ಯಾರೋ ‘ಹಳೇ ಡಬ್ಬ, ಇನ್ನೇನು ಪ್ರಯೋಜನ’ ಅಂದುಕೊಂಡಿರಬೇಕು. ಸೌದೆ ಮಾಡಿ ಅಂದ ಹಾಗೆ.

ಬಣ್ಣ ಹಚ್ಚೋದಾ, ಧೂಳು ಒರೆಸೋದಾ?

ಹಳೇದನ್ನ ಸರಿಮಾಡೋದರಲ್ಲಿ ಎರಡು ದಾರಿ. ಒಂದು, ಬಣ್ಣ ಹಚ್ಚೋದು. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಕಲರ್ ಆಗಿ ಬಂತು. 1971ರ ‘ಕಸ್ತೂರಿ ನಿವಾಸ’ 2014ರಲ್ಲಿ. ನಾವೆಲ್ಲ ಶಿಳ್ಳೆ ಹೊಡೆದೆವು, ಅಣ್ಣಾವ್ರ ಕಟೌಟಿಗೆ ಹಾರ ಬಿತ್ತು. ತಪ್ಪೇನಿಲ್ಲ.

ಇನ್ನೊಂದು, ಇದ್ದ ಹಾಗೆ ಉಳಿಸೋದು. ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ ‘ಘಟಶ್ರಾದ್ಧ’, 1977ರದು, ಸ್ವರ್ಣಕಮಲ ಪಡೆದದ್ದು. ಅದರ ಮೂಲ ನೆಗೆಟಿವ್ ಹಿಡಿದು, ಗೀರು, ಕಲೆ, ಅಲುಗಾಟ ತೆಗೆದು, ಕಪ್ಪುಬಿಳುಪಿನಲ್ಲೇ ಉಳಿಸಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಮಾಡಿಸಿದವರು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ನು ಮತ್ತು ಹಾಲಿವುಡ್ಡಿನ ಮಾರ್ಟಿನ್ ಸ್ಕಾರ್ಸೆಸೆ ಕಟ್ಟಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟು.

ಈ ಸ್ಕಾರ್ಸೆಸೆ ಯಾರು ಅಂತೀರಾ? 1986ರಲ್ಲಿ ‘ದಿ ಕಲರ್ ಆಫ್ ಮನಿ’ ಅಂತ ಪೂಲ್ ಆಟದ್ದೇ ಪಿಕ್ಚರ್ ತೆಗೆದ ಭೂಪ! 1961ರ ‘ದಿ ಹಸ್ಲರ್’ ಚಿತ್ರದಲ್ಲಿ ಕೋಲು ಹಿಡಿದ ಪಾಲ್ ನ್ಯೂಮನ್, ಇಪ್ಪತ್ತೈದು ವರ್ಷ ಆದಮೇಲೆ ಅದೇ ಪಾತ್ರವನ್ನ ಇದರಲ್ಲಿ ಮತ್ತೆ ಮಾಡಿ ಆಸ್ಕರ್ ಹೊಡೆದ. ಎಲ್ಲಿಯ ಪೂಲ್ ಟೇಬಲ್ಲು, ಎಲ್ಲಿಯ ‘ಘಟಶ್ರಾದ್ಧ’, ಎಲ್ಲಿಯ ಯಲ್ದೂರು! ಸುತ್ತಿ ಸುತ್ತಿ ಎಲ್ಲ ಒಂದೇ ಪಾಕೆಟ್ಟಿಗೆ ಬಿತ್ತು ನೋಡಿ.

ನಮ್ಮ ಆಚಾರಿಗೂ ಇದೇ ಪ್ರಶ್ನೆ ಎದುರಾಯಿತು. ಯಾವುದು ಕಾಲ ಮಾಡಿದ ಕೇಡು, ಯಾವುದು ಹುಟ್ಟಿದ ಗುಣ?

ಮಾವನ ಮನೆ ಪಾಕೆಟ್ಟು

ಟೇಬಲ್ಲಿನ ಒಂದು ಮೂಲೆಗೆ ಊರ ಹುಡುಗರು ‘ಮಾವನ ಮನೆ’ ಅಂತ ಹೆಸರಿಟ್ಟಿದ್ದರು. ಎಲ್ಲಿ ಹೊಡೆದರೂ ಚೆಂಡು ಕೊನೆಗೆ ಅಲ್ಲಿಗೇ ಹೋಗಿ ಸೇರುತ್ತಿತ್ತು. ನೀರಿನ ಟ್ಯೂಬು ಹಿಡಿದು ಮಟ್ಟ ನೋಡಿದರೆ ಆ ಮೂಲೆ 11 ಮಿ.ಮೀ. ತಗ್ಗು. ಕಾರಣ ಹುಡುಕಿದೆವು. ಶೀಟಿನ ಮಳೆನೀರು ಸರಿಯಾಗಿ ಆ ಮೂಲೆಗೆ ಬೀಳುತ್ತಿತ್ತು. ಮಣ್ಣುನೆಲ ಕುಸಿದಿತ್ತು, ಕಾಲಿನ ಬುಡ ಕೊಳೆತಿತ್ತು. ಇದು ಬಡಗಿ ತಪ್ಪಲ್ಲ, ಕಾಲದ್ದು. ಕೊಳೆತದ್ದನ್ನ ಕತ್ತರಿಸಿ ಜಾಲಿ ಮರದ ತುಂಡು ಬೆಸೆದು, ನಾಲ್ಕು ಕಾಲಿಗೂ ಚಪ್ಪಡಿ ಕಲ್ಲು ಕೊಟ್ಟೆವು. ಶೀಟಿಗೆ ದೋಣಿ ಕಟ್ಟಿಸಿದೆವು, ಇಲ್ಲದಿದ್ದರೆ ಮತ್ತದೇ ರಾಮಾಯಣ.

ಕುಟ್ಟೆ ಹಿಡಿದ ಚೌಕಟ್ಟಿನಲ್ಲಿ ಗಟ್ಟಿ ಇದ್ದದ್ದನ್ನ ಉಳಿಸಿ, ಔಷಧಿ ಕುಡಿಸಿ, ನಡುವೆ ಜಾಲಿಯ ಎರಡು ಅಡ್ಡತೊಲೆ ಸೇರಿಸಿದ. ಕಡಪ ಕಲ್ಲು ಎರಡನ್ನೂ ಮತ್ತೆ ಕೂರಿಸುವಾಗ ತೆಳ್ಳಗಿನ ತುಂಡಿನ ಕೆಳಗೆ ಸಂದು. ಮರದ ಚಕ್ಕೆ ಕೊಟ್ಟರೆ ಹೆಚ್ಚು, ಕಾಗದ ಕೊಟ್ಟರೆ ಕಮ್ಮಿ. ಕೊನೆಗೆ ಇಸ್ಪೀಟ್ ಎಲೆ! ಪೂಲ್ ಟೇಬಲ್ ಕೂರಿಸೋ ದೊಡ್ಡ ಮೇಸ್ತ್ರಿಗಳೂ ಇದನ್ನೇ ಬಳಸ್ತಾರೆ. ಒಂದೊಂದೇ ಎಲೆ ತೂರಿಸಿ, ರಸಮಟ್ಟ ಇಟ್ಟು, ಗುಳ್ಳೆ ನಡುವೆ ಬರೋವರೆಗೂ ಒಂದೂವರೆ ದಿನ. ಈಗಲೂ ಆ ಕಲ್ಲಿನ ಕೆಳಗೆ ಇಬ್ಬರು ರಾಣಿ, ಒಬ್ಬ ಗುಲಾಮ ಮಲಗಿದ್ದಾರೆ. ಜೋಡಣೆಗೆ ಜೇನುಮೇಣ ಕರಗಿಸಿ ಹೊಯ್ದು, ಆರಿದ ಮೇಲೆ ಹೆರೆದು, ಉಪ್ಪು ಕಾಗದ ಉಜ್ಜಿದ. ಹಂಪ್ ಮಾಯ.

ಕುಷನ್ ವಿಷಯದಲ್ಲಿ ಮಾತ್ರ ಯಜಮಾನರೇ ತೀರ್ಪು ಕೊಟ್ಟರು. ಟ್ಯೂಬು ಹುಟ್ಟಿನಿಂದಲೇ ಕೆಟ್ಟದ್ದು, ಉಳಿಸಬೇಕಾ ಅಂತ ಆಚಾರಿ ಕೇಳಿದ. ‘ಚೆಂಡು ಹಾರಿದ್ರೆ ಅಪ್ಪ ನಗ್ತಾನೆ, ಕಿತ್ತಾಕು’ ಅಂದರು. ಬೆಂಗಳೂರಿಂದ ಅಸಲಿ ರಬ್ಬರು, ಉಣ್ಣೆ ಬಟ್ಟೆ ತಂದೆವು. ಅಂಚಿನ ಕೆಳಗೆ 8 ಮಿ.ಮೀ. ಪಟ್ಟಿ ಕೊಟ್ಟು 36ಕ್ಕೆ ಎತ್ತಿದೆವು. ದುಡ್ಡು ಹೆಚ್ಚು ಹೋಗಿದ್ದು ಇಲ್ಲೇ. ಯಜಮಾನರ ಮಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ. ‘ಆ ದುಡ್ಡಿಗೆ ಟಿ.ವಿ. ತಗೊಳ್ಳಿ’ ಅಂತ ಫೋನಿನಲ್ಲಿ ರೇಗಾಡಿದ. ಯಜಮಾನರು ಫೋನು ಕಿವಿಯಿಂದ ದೂರ ಹಿಡಿದು ಕೇಳಿಸಿಕೊಂಡರು.

ಕಿಟಕಿಯ ಅಳತೆ

ಅಸಲಿ ಜಗಳ ಬಂದದ್ದು ಅಳತೆ ಹಿಡಿದಾಗ. ಪೂಲ್ ಆಗಲಿ, ಬಿಲಿಯರ್ಡ್ಸ್ ಆಗಲಿ, ಆಟದ ಜಾಗ ಅಗಲಕ್ಕೆ ಎರಡರಷ್ಟು ಉದ್ದ ಇರಬೇಕು. ಒಂಬತ್ತು ಅಡಿ ಟೇಬಲ್ಲಿಗೆ 100 ಇಂಚು, 50 ಇಂಚು. ಎರಡು ಚೌಕ ಪಕ್ಕಪಕ್ಕ ಇಟ್ಟ ಹಾಗೆ. ನಮ್ಮದು 84 ಇಂಚು ಉದ್ದ, 48 ಇಂಚು ಅಗಲ. 42 ಇರಬೇಕಾದ ಕಡೆ 48! ಕುಷನ್ನಿಗೆ ಹೊಡೆದು ಲೆಕ್ಕ ಹಾಕೋ ಹೊಡೆತಗಳೆಲ್ಲ ಇಲ್ಲಿ ಹುಸಿ.

ಆಚಾರಿಗೆ ಉಪಾಯ ಹೊಳೆಯಿತು. ಎರಡು ಕಡೆಯ ಅಂಚನ್ನೂ ಮೂರು ಮೂರು ಇಂಚು ಒಳಕ್ಕೆ ದಪ್ಪ ಮಾಡಿದರೆ ಆಯಿತು, ಹೊರಗಿನಿಂದ ಟೇಬಲ್ ಹಾಗೇ ಕಾಣುತ್ತೆ, ಒಳಗೆ ಅಳತೆ ಸರಿ. ಭಲೇ ಅನ್ನಿಸಿತು ನನಗೂ.

ಯಜಮಾನರು ಒಪ್ಪಲಿಲ್ಲ.

‘ಯಾಕ್ ಯಜಮಾನ್ರೇ, ಅಳತೆ ತಪ್ಪೈತಲ್ಲ?’

‘ತಪ್ಪೇ ಇರಬೌದು. ಬಡಗಿ ತಪ್ಪಲ್ಲ, ನಾನ್ ಹೇಳಿದ್ದೇ ಹಂಗೆ. ನನಗೆ ಹಂಗೇ ಕಾಣ್ತಿತ್ತು.’

ಆಚಾರಿ ತಲೆ ಕೆರೆದುಕೊಂಡ. ನನಗೆ ಥಟ್ಟನೆ ಅರ್ಥವಾಯಿತು. ಅವರು ನೋಡಿದ್ದು ಕಿಟಕಿಯಿಂದ. ಟೇಬಲ್ಲಿನ ಒಂದು ತುದಿಯ ಕಡೆಯಿಂದ, ಚಿಕ್ಕ ಹುಡುಗನ ಎತ್ತರದಿಂದ. ಹಾಗೆ ನೋಡಿದಾಗ ಉದ್ದ ಮೊಟಕಾಗುತ್ತೆ, ಅಗಲ ಅಗಲವಾಗೇ ಕಾಣುತ್ತೆ. ಕ್ಯಾಮೆರಾದವರನ್ನ ಕೇಳಿ, ಹೇಳ್ತಾರೆ. ಆ ಟೇಬಲ್ಲಿನ ಅಳತೆ ಕ್ಲಬ್ಬಿನ ಟೇಬಲ್ಲಿನದಲ್ಲ ಸ್ವಾಮಿ, ಇಟ್ಟಿಗೆ ಮೇಲೆ ನಿಂತ ಹುಡುಗನ ಕಣ್ಣಿನದು. ಅದೊಂದು ಕ್ಯಾಮೆರಾ ಆಂಗಲ್ಲು! ಡೈರೆಕ್ಟರ್ ಇಟ್ಟ ಆಂಗಲ್ಲನ್ನ ರಿಪೇರಿಯವರು ತಿದ್ದಬಹುದೇ?

ಆಚಾರಿಗೆ ಇದನ್ನ ವಿವರಿಸಿದೆ. ಅವನು ಟೇಬಲ್ಲನ್ನ ಒಂದು ಸುತ್ತು ಹಾಕಿ, ಉತ್ತರದ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದ. ‘ಸರಿ ಬಿಡು’ ಅಂದ. 48 ಇಂಚು 48 ಆಗೇ ಉಳಿಯಿತು.

ಕುಕ್ಕೆಗಳೂ ಉಳಿದವು. ಎರಡರ ಹಗ್ಗ ಜಿಡ್ಡುಗಟ್ಟಿ ಹರಿಯೋ ಹಾಗಿತ್ತು. ಆಚಾರಿ ಒಳಗಿನಿಂದ ದಾರದ ಬಲೆ ಕೊಟ್ಟ. ಭಾರ ಬಲೆ ಹೊರುತ್ತೆ, ಕುಕ್ಕೆ ಹೊರಗೆ ಕಾಣುತ್ತೆ. ಆ ಕೆಲಸ ಮಾಡುವಾಗ ಯಜಮಾನರು ಪಕ್ಕದಿಂದ ಕದಲಲಿಲ್ಲ.

ಮೊದಲ ಆಟ

ಆಟಕ್ಕೆ ಬಂದವರು ಹಳೇ ಗಿರಾಕಿಗಳು. 2003ರಲ್ಲಿ ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ಹದಿನೆಂಟನೇ ವಯಸ್ಸಿಗೆ ವಿಶ್ವ ಸ್ನೂಕರ್ ಪಟ್ಟ ಹೊಡೆದಾಗ ಇದೇ ಷೆಡ್ಡಿನಲ್ಲಿ ಆಟಕ್ಕೆ ಕ್ಯೂ ನಿಲ್ಲುತ್ತಿತ್ತಂತೆ. ಪೇಪರಿನ ಆ ಫೋಟೋ ಅಣ್ಣಾವ್ರು, ವಿಷ್ಣು ಮಧ್ಯೆ ಇನ್ನೂ ಗೋಡೆಗೆ ಅಂಟಿಕೊಂಡಿದೆ. ಆಗ ಚಡ್ಡಿ ಹಾಕಿದ್ದ ಹುಡುಗರಿಗೆ ಈಗ ಸೈಟು, ಸಂಸಾರ, ಟೊಮೇಟೊ ರೇಟಿನ ಚಿಂತೆ. ಅವರಲ್ಲೊಬ್ಬ ಹೊಡೆದ ಚೆಂಡು ಮಾವನ ಮನೆ ಕಡೆ ತಿರುಗಲೇ ಇಲ್ಲ, ಸೀದಾ ಹೋಗಿ ಸೀದಾ ನಿಂತಿತು. ‘ಏನ್ ತಾತ, ಟೇಬಲ್ ಕೆಡಿಸಿಬಿಟ್ರಲ್ಲಾ!’ ಅಂದ. ಇಪ್ಪತ್ತು ವರ್ಷ ವಾಲಿದ್ದನ್ನ ಲೆಕ್ಕ ಇಟ್ಟು ಗೆದ್ದವನು, ಪಾಪ. ಮೂರು ಆಟ ಸೋತ.

ಒಂದು ಹೊಡೆತ ನೀವು ಹೊಡೀರಿ ಅಂತ ಎಲ್ಲರೂ ಯಜಮಾನರಿಗೆ ಕೋಲು ಚಾಚಿದೆವು. ತಗೊಳ್ಳಲಿಲ್ಲ. ಮೂಲೆಯಲ್ಲಿದ್ದ ಸ್ಟೂಲು ಎಳಕೊಂಡು, ಹಳೇ ಸ್ಕೂಲ್ ಸ್ಲೇಟೊಂದನ್ನ ತೊಡೆ ಮೇಲೆ ಇಟ್ಟು, ಬಳಪ ಹಿಡಿದು ಕೂತರು.

‘ನೀವು ಆಡ್ರಪ್ಪಾ. ನಾನು ಬರೀತೀನಿ.’

ರಾತ್ರಿ ಹತ್ತರವರೆಗೂ ಬರೆದರು. ಒಂದು ಅಂಕೆ ತಪ್ಪಲಿಲ್ಲ.

ಇನ್ನು ನಿಮ್ಮ ಸರದಿ

ಬಾಲ್ಕನಿ ಮಹಾಶಯರು ಕೇಳಬಹುದು: ಇಷ್ಟೆಲ್ಲಾ ಮಾಡಿದ ಮೇಲೆ ಅದು ಒಳ್ಳೇ ಟೇಬಲ್ ಆಯಿತೇನಯ್ಯಾ? ಇಲ್ಲ ಸ್ವಾಮಿ. ಕ್ಲಬ್ಬಿನ ಮಾರ್ಕರುಗಳು ಬಂದರೆ ಅಳತೆ ನೋಡಿಯೇ ನಗ್ತಾರೆ. ಆದರೆ ಮಟ್ಟ ಇದೆ, ಚೆಂಡು ಹಾರೋಲ್ಲ, ಹತ್ತು ವರ್ಷ ಬಾಳುತ್ತೆ. ಹೊಸ ಸ್ಲೇಟ್ ಟೇಬಲ್ ಅಂದರೆ ಲಕ್ಷದ ಮಾತು, ಅದರಲ್ಲಿ ಆ ಕಿಟಕಿಯೂ ಇರೋಲ್ಲ, ಆ ತಾಯಿಯ ಕುಕ್ಕೆಯೂ ಇರೋಲ್ಲ.

ನಿಮ್ಮ ಊರಲ್ಲೂ ಇಂಥದ್ದು ಇರಬಹುದು. ಮುಚ್ಚಿದ ಟೆಂಟಿನ ಪ್ರೊಜೆಕ್ಟರು, ಅಟ್ಟದ ಮೇಲಿನ ರೀಲ್ ಡಬ್ಬ, ಗೋಡೌನಿನಲ್ಲಿ ಮಡಿಸಿಟ್ಟ ವಾಲ್‌ಪೋಸ್ಟರು. ಗುಜರಿಯವನು ತಕ್ಕಡಿ ಹಿಡಿದು ಬರೋ ಮುಂಚೆ ಒಂದು ಸಲ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿ. ಯಾರು ಮಾಡಿಸಿದ್ದು, ಯಾಕೆ ಮಾಡಿಸಿದ್ದು ಅಂತ ಮನೆಯ ಹಿರಿಯರನ್ನ ಕೇಳಿ. ಆಮೇಲೆ ನನಗೊಂದು ಕಾಗದ ಹಾಕಿ.

ಮುಂದಿನ ವಾರ ಇದೇ ಬೆಂಚಿನಲ್ಲಿ ಭೇಟಿಯಾಗೋಣ. ಮುಂದಿನ ಸಾಲು ಖಾಲಿ ಇದೆ, ಟವಲ್ ಹಾಕಿಡ್ತೀನಿ.